ಹಕ್ಕಿ ತಿಂದರೆ ಸಾಕೆ? ಗಿಡದ ಹೆಸರು ಬೇಡವೆ?

'ತೋಟದ ಬರೆಯಲ್ಲಿ ಒಂದು ಗಿಡ ಎದ್ದಿದೆ ಮಾರಾಯ್ರೆ. ಕಪ್ಪು ನೇರಳೆ ಬಣ್ಣದ ಸಣ್ಣ ಹಣ್ಣು. ಪಿಕಳಾರಗಳು ಇಡೀ ದಿನ ಅದರಲ್ಲೇ. ಊರಿನದ್ದೇ ಗಿಡವಾ? ಉಳಿಸಬಹುದಾ?' – ಇಂಥ ಪ್ರಶ್ನೆ ಕೇಳುವ ಕೃಷಿಕರು ಈಗ ಅಲ್ಲಲ್ಲಿ ಸಿಗುತ್ತಾರೆ. ಸಂತೋಷದ ವಿಷಯ. ಕೇಳದೆ ಕತ್ತಿ ಬೀಸುವವರೇ ಜಾಸ್ತಿ ಇರುವಾಗ ಕೇಳಿದರಲ್ಲ, ಅದೇ ದೊಡ್ಡದು.

ಆದರೆ ಈ ಪ್ರಶ್ನೆಗೆ ಸಿಗುವ ಉತ್ತರ ಮಾತ್ರ ಸಮಾಧಾನ ತರುವಂಥದ್ದಲ್ಲ. 'ಹಕ್ಕಿ ತಿನ್ನುತ್ತದೆ ಅಂದರೆ ಒಳ್ಳೆ ಗಿಡವೇ, ಇರಲಿ ಬಿಡಿ' ಎಂದು ಒಬ್ಬರು. 'ಅದೆಲ್ಲ ಕಾಟು, ಸವರಿ ಬಿಡಿ' ಎಂದು ಇನ್ನೊಬ್ಬರು. ಇಬ್ಬರೂ ಗಿಡವನ್ನು ನೋಡಲಿಲ್ಲ. ಹೆಸರು ತಿಳಿಯದೆ ಉಳಿಸುವುದೂ ಅಪಾಯ, ಹೆಸರು ತಿಳಿಯದೆ ಕಡಿಯುವುದೂ ನಷ್ಟ – ಇದು ನನ್ನ ವಾದ. ಕರಾವಳಿ, ಮಲೆನಾಡಿನ ಎರಡು ಗಿಡಗಳನ್ನೇ ಹಿಡಿದು ಇದನ್ನು ವಿವರಿಸುತ್ತೇನೆ.

ಒಂದೇ ಮನೆತನ, ಗುಣ ಬೇರೆ

ಮೊದಲನೆಯದು ನಮ್ಮ ನೆಕ್ಕರೆ. ನೆಕ್ಕರಿಕ, ಅಂಕೆರ್ಕಿ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಮೆಲಸ್ಟೋಮ ಮಲಬಾತ್ರಿಕಂ. 'ಮೆಲಸ್ಟೋಮ' ಎಂದರೆ ಗ್ರೀಕ್ ಭಾಷೆಯಲ್ಲಿ ಕಪ್ಪು ಬಾಯಿ. ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಂಡು ಶಾಲೆಗೆ ಹೋದವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಹೊರಗಿನಿಂದ ಬಂದದ್ದು. ಉಷ್ಣವಲಯದ ಅಮೆರಿಕ ಇದರ ತವರು. ಕ್ಲಿಡೆಮಿಯ ಹಿರ್ಟ ಎಂದು ಹೆಸರು. ಈಚೆಗೆ ವಿಜ್ಞಾನಿಗಳು ಮೈಕೋನಿಯ ಕ್ರೆನೇಟ ಎಂದು ಬದಲಿಸಿದ್ದಾರೆ. ನಮ್ಮ ಬಳಕೆಗೆ ಇದನ್ನು 'ಕಳ್ಳ ನೆಕ್ಕರೆ' ಎನ್ನೋಣ. ನೆಕ್ಕರೆಯ ವೇಷದಲ್ಲಿ ಬರುವುದರಿಂದ ಈ ಹೆಸರು ಸರಿಯಾದೀತು. ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಇದು ಹಬ್ಬುತ್ತಿದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳೆಂದು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ತಜ್ಞರು ಮಾಡಿದ ಪಟ್ಟಿಯಲ್ಲಿ ಇದೂ ಇದೆ.

ಎರಡೂ ಒಂದೇ ಕುಟುಂಬದವು. ಎರಡರಲ್ಲೂ ಎಲೆ ಎದುರು ಬದುರು. ದಾಲ್ಚಿನ್ನಿ ಎಲೆಯಲ್ಲಿ ಇರುವಂತೆ ತೊಟ್ಟಿನಿಂದ ತುದಿಯವರೆಗೆ ಬಿಲ್ಲಿನ ಹಾಗೆ ಬಾಗಿ ಓಡುವ ಉದ್ದ ನರಗಳು ಎರಡಕ್ಕೂ ಇವೆ. ಎರಡೂ ಆಳೆತ್ತರದ ಪೊದೆ. ಹಣ್ಣು ಎರಡರದ್ದೂ ಕಪ್ಪು ನೇರಳೆ. ಪಿಕಳಾರ ಎರಡನ್ನೂ ತಿನ್ನುತ್ತದೆ. ದಾರಿಯಲ್ಲಿ ಹೋಗುತ್ತಾ ನೋಡಿದವರಿಗೆ ಮೋಸವಾಗುವುದು ಸಹಜ. ನಿಂತು ನೋಡಿದವರಿಗೆ ಮೋಸವಾಗಲಿಕ್ಕಿಲ್ಲ.

ನಿಂತು ನೋಡುವ ಕ್ರಮ

ಹೂವು: ನೆಕ್ಕರೆಯದ್ದು ದೊಡ್ಡ ಹೂ. ತಿಳಿನೇರಳೆ ಅಥವಾ ನಸುಗೆಂಪು ಬಣ್ಣ, ಸಾಮಾನ್ಯವಾಗಿ ಐದು ಎಸಳು. ಮಧ್ಯೆ ಎರಡು ಬಗೆಯ ಕೇಸರಗಳು – ಕೆಲವು ಗಿಡ್ಡ, ಹಳದಿ. ಕೆಲವು ಉದ್ದ, ನೇರಳೆ, ಕೊಕ್ಕೆಯಂತೆ ಬಾಗಿದವು. ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕಳ್ಳ ನೆಕ್ಕರೆಯ ಹೂ ಬಿಳಿ, ಬೆರಳಿನ ಉಗುರಿನಷ್ಟು ಮಾತ್ರ. ಹೂವು ಇದ್ದರೆ ಇಷ್ಟಕ್ಕೇ ತೀರ್ಮಾನವಾಯಿತು.

ಹಣ್ಣು: ನೆಕ್ಕರೆಯ ಕಾಯಿ ಪುಟ್ಟ ಮಡಕೆಯಂತೆ ಇರುತ್ತದೆ. ಹಣ್ಣಾದಾಗ ಅಡ್ಡಾದಿಡ್ಡಿಯಾಗಿ ಒಡೆದು ಬಾಯಿ ಬಿಡುತ್ತದೆ. ಒಳಗೆ ಕಡು ನೇರಳೆ ತಿರುಳು, ಅದರಲ್ಲಿ ಪುಡಿಯಂಥ ಬೀಜ. ಕಳ್ಳ ನೆಕ್ಕರೆಯ ಹಣ್ಣು ಒಡೆಯುವುದಿಲ್ಲ. ಗುಂಡಗೆ, ರಸ ತುಂಬಿಕೊಂಡು, ಮೈಮೇಲೆ ಉದ್ದುದ್ದ ರೋಮ ನಿಲ್ಲಿಸಿಕೊಂಡು ಇರುತ್ತದೆ. ಒಡೆದ ಹಣ್ಣು ಗಿಡದಲ್ಲಿ ಒಂದಾದರೂ ಇದೆಯೋ ಹುಡುಕಿ.

ದಂಟು: ಕಳ್ಳ ನೆಕ್ಕರೆಯ ಎಳೆ ದಂಟಿನ ಮೇಲೆ ಕೆಂಗಂದು ಬಣ್ಣದ ಉದ್ದ ರೋಮಗಳು ನೆಟ್ಟಗೆ ನಿಂತಿರುತ್ತವೆ. ನೆಕ್ಕರೆಯ ದಂಟಿನಲ್ಲೂ ಬಿರುಸು ಇದೆ. ಆದರೆ ಅದು ಮೈಗೆ ಅಂಟಿದ ಒರಟು ಹುರುಪೆ. ಕೈ ಆಡಿಸಿದರೆ ಗೊತ್ತಾಗುತ್ತದೆ.

ಎಲೆ: ನೆಕ್ಕರೆಯ ಎಲೆ ಉದ್ದನೆಯದು, ಒರಟು, ಅಂಚು ನೇರ. ಕಳ್ಳ ನೆಕ್ಕರೆಯದ್ದು ಅಗಲ. ಹೊಲಿದ ಕೌದಿಯಂತೆ ನರಗಳ ನಡುವೆ ಉಬ್ಬಿ ಸುಕ್ಕುಗಟ್ಟಿರುತ್ತದೆ. ಅಂಚಿನಲ್ಲಿ ಸಣ್ಣ ಹಲ್ಲು.

ಜಾಗ: ನೆಕ್ಕರೆ ಬಿಸಿಲಿನ ಗಿಡ. ಬೋಳು ಗುಡ್ಡೆ, ತೋಡಿನ ಬದಿ, ಅಗಳಿನ ದಂಡೆ ಇದರ ಠಾವು. ಮುರಕಲ್ಲಿನ ಹುಳಿ ಮಣ್ಣನ್ನು ಲೆಕ್ಕಿಸುವುದಿಲ್ಲ. ಕಳ್ಳ ನೆಕ್ಕರೆಗೆ ಬಿಸಿಲೂ ಆಗುತ್ತದೆ, ನೆರಳೂ ಆಗುತ್ತದೆ. ಮರದಡಿಯ ದಟ್ಟ ನೆರಳಲ್ಲೂ ಹಿಂಡು ಕಟ್ಟಿ ಬೆಳೆಯಬಲ್ಲದು. ಅದರ ಶಕ್ತಿ ಇರುವುದೇ ಅಲ್ಲಿ.

ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಐದರಲ್ಲಿ ಮೂರಾದರೂ ಹೊಂದಲಿ.

ಹಕ್ಕಿಗೆ ಭೇದವಿಲ್ಲ

'ಎರಡೂ ಹಣ್ಣು ಕೊಡುತ್ತವಲ್ಲ, ಹಕ್ಕಿಗೆ ಹೊಟ್ಟೆ ತುಂಬಿದರೆ ಆಯಿತಲ್ಲ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹಕ್ಕಿಯ ಹೊಟ್ಟೆ ಮಾತ್ರ ನೋಡಿದರೆ ಇವತ್ತಿಗೆ ಸರಿ. ನಾಳೆಗೆ ಸರಿಯಲ್ಲ.

ಕಳ್ಳ ನೆಕ್ಕರೆಯ ಒಂದು ಹಣ್ಣಿನಲ್ಲಿ ನೂರಕ್ಕೂ ಮಿಕ್ಕಿ ಬೀಜ ಇರುತ್ತದೆ. ಹಕ್ಕಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಬಿತ್ತನೆ. ಮಣ್ಣಿನೊಳಗೆ ಬೀಜ ವರ್ಷಗಟ್ಟಲೆ ಜೀವ ಹಿಡಿದು ಕಾಯುತ್ತದೆ. ಗಿಡ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆರಳು ಸಹಿಸುವುದರಿಂದ ಗುಡ್ಡೆಯಲ್ಲೇ ನಿಲ್ಲುವುದಿಲ್ಲ. ಗೇರು, ರಬ್ಬರು, ಅಡಿಕೆಯ ಅಡಿಗೂ ಇಳಿಯುತ್ತದೆ. ಕಾಡಿನ ನೆಲ ಮುಚ್ಚಿ ಮರಗಳ ಸಸಿ ಏಳದಂತೆ ಮಾಡುತ್ತದೆ. ಸೊಪ್ಪಿಗಾಗಿ ಇಟ್ಟ ಗುಡ್ಡೆಯಲ್ಲಿ ಹತ್ತು ಬಗೆಯ ಗಿಡ ಇದ್ದ ಕಡೆ ಒಂದೇ ಗಿಡ ಉಳಿದರೆ, ಹಕ್ಕಿಗೂ ಅಷ್ಟೆ, ನಮಗೂ ಅಷ್ಟೆ.

ಫಿಜಿ ದ್ವೀಪದ ಉದಾಹರಣೆ ಇದೆ. ಅಲ್ಲಿಗೆ ಈ ಗಿಡ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಹೋಯಿತು. ಕೋಸ್ಟರ್ ಎಂಬವರು ತರಿಸಿದ ಕಾಫಿ ಬೀಜದ ಜತೆ ಬಂತೆಂದು ಜನ ಅದಕ್ಕೆ 'ಕೋಸ್ಟರನ ಶಾಪ' ಎಂದೇ ಹೆಸರಿಟ್ಟರು. ಕೊನೆಗೆ 1930ರಲ್ಲಿ ಟ್ರಿನಿಡಾಡಿನಿಂದ ಒಂದು ಜಾತಿಯ ಥ್ರಿಪ್ಸ್ ಕೀಟವನ್ನು ತಂದು ಬಿಟ್ಟರು. ಬಿಸಿಲಿನ ಜಾಗದಲ್ಲಿ ಕೀಟ ಗೆದ್ದಿತು. ನೆರಳಿನಲ್ಲಿ ಗಿಡವೇ ಗೆದ್ದಿತು. ನೆರಳಿನ ತೋಟ ಮಾಡಿಕೊಂಡವರು ನಾವು. ಇದನ್ನು ಗಮನಿಸಬೇಕು.

ಲಂಟಾನದ ಕತೆ ಇನ್ನೂ ಹತ್ತಿರದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವಿನ ಗಿಡವೆಂದು ಬಂತು. ಅದರ ಹಣ್ಣನ್ನೂ ಹಕ್ಕಿಗಳು ಇಷ್ಟಪಟ್ಟವು. ಮುಂದಿನದು ಎಲ್ಲರಿಗೂ ಗೊತ್ತು. ಎಲೆ ತಿಂದ ದನ ಕಾಮಾಲೆ ಬಂದು, ಬಿಸಿಲಿಗೆ ಚರ್ಮ ಸುಲಿದು ಒದ್ದಾಡುವುದನ್ನು ನೋಡಿದವರಿಗೆ 'ಹಕ್ಕಿ ಮೆಚ್ಚಿದ ಗಿಡ' ಎಂಬ ಮಾತು ಸಮಾಧಾನ ಕೊಡಲಿಕ್ಕಿಲ್ಲ.

ಹಾಗೆಂದು ಗಿಡವನ್ನು ಬೈದು ಪ್ರಯೋಜನವಿಲ್ಲ. ನಮ್ಮ ನೆಕ್ಕರೆಯೇ ಅಮೆರಿಕದ ಕೇಂದ್ರ ಸರಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ! ಅಲ್ಲಿ ಅದು ಪರದೇಶಿ. ಇಲ್ಲಿ ಅದನ್ನು ತಿನ್ನುವ ಹುಳ, ಅದಕ್ಕೆ ಬರುವ ರೋಗ, ಅದರ ಜತೆ ಪೈಪೋಟಿ ಮಾಡುವ ಗಿಡ ಎಲ್ಲವೂ ಇವೆ. ಹಾಗಾಗಿ ಮಿತಿಯಲ್ಲಿ ಇರುತ್ತದೆ. ಗಿಡ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅದು ನಿಂತ ಊರು ಹೇಳುತ್ತದೆ. ಊರು ತಿಳಿಯಬೇಕಾದರೆ ಹೆಸರು ತಿಳಿಯಬೇಕು.

ಹಕ್ಕಿ ಯಾಕೆ ಬೇಕು?

ಸಣ್ಣ ಹಿಡುವಳಿದಾರ ಈ ಪ್ರಶ್ನೆ ಕೇಳಿದರೆ ತಪ್ಪಲ್ಲ. ಹಣ್ಣಾದ ಕಾಳುಮೆಣಸನ್ನು ಪಿಕಳಾರ, ಮೈನಾ ತಿನ್ನುವುದು ನಿಜ. ಪಪ್ಪಾಯಿ, ಪೇರಳೆ ಬಿಡುವುದಿಲ್ಲ. ಮಾವು, ಚಿಕ್ಕುವಿನ ಮೇಲೆ ಬಂದಳಿಕೆ ಹಬ್ಬಿಸುವುದು ಬದನಿಕೆ ಹಕ್ಕಿಯೇ. ಅಂಟು ಬೀಜವನ್ನು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಈ ನಷ್ಟ ಇಲ್ಲವೆಂದು ಹೇಳುವುದು ಪ್ರಾಮಾಣಿಕತೆಯಲ್ಲ.

ಲೆಕ್ಕದ ಇನ್ನೊಂದು ಬದಿಯೂ ಇದೆ. ಹಣ್ಣು ತಿನ್ನುವ ಪಿಕಳಾರ ತನ್ನ ಮರಿಗಳಿಗೆ ಹುಳ, ಕಂಬಳಿಹುಳ ಹಿಡಿದು ತಂದು ಕೊಡುತ್ತದೆ. ಮರಿ ಬೆಳೆಯಲು ಅದು ಬೇಕು. ಪೊದೆ ಇದ್ದಲ್ಲಿ ಗೂಡು, ಗೂಡು ಇದ್ದಲ್ಲಿ ಹುಳದ ಬೇಟೆ. ಬೇಲಿ ಬದಿಯಲ್ಲಿ ನಾವು ನೆಡದೆಯೇ ಎದ್ದ ಗಂಧದ ಸಸಿಗಳನ್ನು ನೆಟ್ಟವರು ಯಾರು? ಕಪ್ಪು ಗಂಧದ ಹಣ್ಣು ತಿಂದ ಹಕ್ಕಿಗಳೇ. ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುವ ಗಂಧಕ್ಕೆ ಬೇಲಿಯ ಪೊದೆಗಳೇ ಆಸರೆ. 2001ರ ಕಾನೂನು ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಜಮೀನಿನ ಗಂಧದ ಮರ ಜಮೀನುದಾರನದ್ದೇ; ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಅಷ್ಟೆ. ಬೇಲಿ ಬೋಳಿಸಿದವನಿಗೆ ಈ ಪುಕ್ಕಟೆ ಬಿತ್ತನೆ ಇಲ್ಲ.

ನೆಕ್ಕರೆಗೆ ಇನ್ನೊಂದು ಗುಣ ಇದೆ. ಇದರ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಕರಿ ಬಡಗಿ ದುಂಬಿಯಂಥ ದೊಡ್ಡ ಜೇನುಜಾತಿಯ ಕೀಟಗಳು ಹೂವನ್ನು ಹಿಡಿದು 'ಗುಂಯ್' ಎಂದು ನಡುಗಿಸಿ ಪರಾಗ ಉದುರಿಸುತ್ತವೆ. ಬದನೆ, ಟೊಮೆಟೊ ಹೂವಿಗೂ ಬೇಕಾದ್ದು ಇದೇ ನಡುಕ. ತರಕಾರಿ ಮಾಡುವವರ ಬೇಲಿಯಲ್ಲಿ ಎರಡು ನೆಕ್ಕರೆ ಇದ್ದರೆ ನಷ್ಟವಿಲ್ಲ.

ಬಂದಳಿಕೆಗೆ ಮದ್ದು ಹಕ್ಕಿ ಓಡಿಸುವುದಲ್ಲ. ಹಣ್ಣು ಬಿಡುವ ಮೊದಲೇ ಅದು ಹಿಡಿದ ಕೊಂಬೆಯನ್ನು ತುಸು ಕೆಳಗಿನಿಂದ ಕಡಿದು ತೆಗೆಯುವುದು.

ಬೇಲಿಯ ಉಳಿದವರು

ನೆಕ್ಕರೆ ಒಂದರಿಂದಲೇ ಆಗುವುದಿಲ್ಲ. ನಮ್ಮ ಗುಡ್ಡೆ, ಕುಮ್ಕಿ, ಬೆಟ್ಟಗಳಲ್ಲಿ ಇನ್ನೂ ಕೆಲವರಿದ್ದಾರೆ. ಚುಟುಕಾಗಿ ಹೇಳುತ್ತೇನೆ.

ಕರಂಡೆ: ಮಲೆನಾಡಲ್ಲಿ ಕವಳಿ. ಎಲೆ ಮುರಿದರೆ ಬಿಳಿ ಹಾಲು, ಗಟ್ಟಿ ಮುಳ್ಳು, ನಕ್ಷತ್ರದಂಥ ಬಿಳಿ ಪರಿಮಳದ ಹೂ. ಬೇಸಗೆಯ ಕೊನೆಗೆ ಕಪ್ಪು ಹಣ್ಣು. ಕಾಯಿ ನಮಗೆ ಉಪ್ಪಿನಕಾಯಿಗೆ, ಹಣ್ಣು ಹಕ್ಕಿಗೆ. ದನ ನುಗ್ಗದ ಬೇಲಿ ಲಾಭ.

ಕುಂಟುನೇರಳೆ: ತುಳುವಿನಲ್ಲಿ ಕುಂಟಾಲ. ನೇರಳೆಯದೇ ಜಾತಿ, ಗಿಡ್ಡ ಮರ. ಎಲೆ ತುದಿಯ ಕಡೆ ಅಗಲ. ಗೊಂಚಲಿನಲ್ಲಿ ಗುಂಡಗಿನ ಕಪ್ಪು ಹಣ್ಣು, ನೆತ್ತಿಯಲ್ಲಿ ಬಟ್ಟಲಿನಂಥ ಅಂಚು. ಒಂದು ಹಣ್ಣಿಗೆ ಒಂದೇ ಬೀಜ.

ಕೇಪಳ: ಕೆಂಪು ಹೂವಿನ ಗೊಂಚಲು, ಒಂದೊಂದು ಹೂವಿಗೆ ನಾಲ್ಕು ಎಸಳು. ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಬಟಾಣಿ ಗಾತ್ರದ ಹಣ್ಣು ಕೆಂಪಾಗಿ ಮತ್ತೆ ಕಪ್ಪಾಗುತ್ತದೆ. ನರ್ಸರಿಯಲ್ಲಿ 'ಇಕ್ಸೋರ' ಎಂದು ಮಾರುವ ಗಿಡ್ಡ ತಳಿಗಳು ಹೂ ತುಂಬಾ ಬಿಟ್ಟಾವು, ಹಣ್ಣು ಅಪರೂಪ. ಹಕ್ಕಿಗೆ ಬೇಕಾದರೆ ಗುಡ್ಡೆಯ ಕೇಪಳವನ್ನೇ ಉಳಿಸಿ.

ಕೊಟ್ಟೆಮುಳ್ಳು: ಬಾಗಿದ ಮುಳ್ಳಿನ ಹಬ್ಬುಗಿಡ. ಬೇಸಗೆಯಲ್ಲಿ ಬಿಳಿ ಹಣ್ಣು. ಮುಳ್ಳೆಂದು ಮೊದಲು ಕಡಿಯುವುದು ಇದನ್ನೇ. ಮೂಲೆಯಲ್ಲಿ ಒಂದಾದರೂ ಇರಲಿ.

ಇವುಗಳ ಹಣ್ಣು ಸಿಗುವ ಕಾಲ ಒಂದೇ ಅಲ್ಲ. ಒಂದು ಮುಗಿದಾಗ ಇನ್ನೊಂದು. ನಾಲ್ಕಾರು ಜಾತಿ ಇದ್ದರೆ ಹಕ್ಕಿ ಊರು ಬಿಡುವುದಿಲ್ಲ. ಪೇಟೆಯವರು ಹಕ್ಕಿಗೆಂದು ಗಸಗಸೆ ಹಣ್ಣಿನ ಮರ ನೆಡುತ್ತಾರೆ. ಬೇಗ ಬೆಳೆಯುತ್ತದೆ, ಹಕ್ಕಿ ತುಂಬಾ ಬರುತ್ತವೆ – ಸುಳ್ಳಲ್ಲ. ಅದೂ ಅಮೆರಿಕ ಮೂಲದ್ದೇ. ಬೇರೆ ಗತಿಯಿಲ್ಲದ ಪೇಟೆಗೆ ಆದೀತು. ಕುಂಟುನೇರಳೆ ಇರುವ ಗುಡ್ಡೆ ಬೋಳಿಸಿ ಅದನ್ನು ನೆಡುವುದಕ್ಕೆ ಅರ್ಥವಿಲ್ಲ.

ಒಂದು ಎಚ್ಚರಿಕೆ. ಹೆಸರು ತಿಳಿಯದ ಹಣ್ಣನ್ನು ರುಚಿ ನೋಡಿ ಗುರುತಿಸಲು ಹೋಗಬೇಡಿ. ಕಾಸರಕದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ಅದರ ಬೀಜ ಮನುಷ್ಯನಿಗೆ ಪ್ರಾಣಾಂತಿಕ ವಿಷ. ಹಕ್ಕಿ ತಿಂದದ್ದೆಲ್ಲ ಮಕ್ಕಳಿಗೆ ಆಗುವುದಿಲ್ಲ. ಮನೆಯಲ್ಲಿ ಇದನ್ನು ಹೇಳಿಕೊಡಿ.

ಕತ್ತಿಗೆ ಮೊದಲು ಹೆಸರು

ಹಿಂದೆ ಗುಡ್ಡೆ ಸವರುತ್ತಿದ್ದವರು ಕತ್ತಿಯವರು. ಗಿಡ ನೋಡಿ ಕಡಿಯುತ್ತಿದ್ದರು. 'ಇದು ಕುಂಟಾಲ ಅಣ್ಣೇರೆ, ಇರಲಿ' ಎಂದು ತಾವೇ ಬಿಡುತ್ತಿದ್ದರು. ಈಗ ಹೆಗಲಿನ ಮೇಲೆ ಕಳೆ ಕೊಚ್ಚುವ ಯಂತ್ರ. ಗಂಟೆ ಲೆಕ್ಕದ ಬಾಡಿಗೆ. ಯಂತ್ರಕ್ಕೆ ನೆಕ್ಕರೆಯೂ ಒಂದೇ, ಕಮ್ಯುನಿಸ್ಟ್ ಸೊಪ್ಪೂ ಒಂದೇ. ಜೇಸೀಬಿ ಬಂದರಂತೂ ಬರೆಯೇ ಇರುವುದಿಲ್ಲ. ಕೂಲಿಯಾಳು ಸಿಗದ ಕಾಲದಲ್ಲಿ ಯಂತ್ರ ಬೇಡವೆನ್ನಲು ನಾನು ತಯಾರಿಲ್ಲ. ಯಂತ್ರ ಬರುವ ಹಿಂದಿನ ದಿನ ಒಂದು ಗಂಟೆ ಗುಡ್ಡೆ ಸುತ್ತಿ ಎಂದಷ್ಟೇ ಹೇಳುವುದು.

ಸುತ್ತುವಾಗ ಮಾಡಬೇಕಾದ್ದು ಹೆಚ್ಚಿಲ್ಲ. ಉಳಿಸಬೇಕಾದ ಗಿಡಕ್ಕೆ ಹಳೆ ಬಟ್ಟೆಯ ತುಂಡು ಕಟ್ಟಿ. ಕಳ್ಳ ನೆಕ್ಕರೆ ಸಣ್ಣದಿದ್ದರೆ ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕೀಳಿ. ದೊಡ್ಡದಿದ್ದರೆ ಪಿಕ್ಕಾಸಿನಲ್ಲಿ ಬುಡ ಅಗೆದು ತೆಗೆಯಿರಿ; ಬರಿದೇ ಸವರಿದರೆ ಚಿಗುರುತ್ತದೆ. ಹಣ್ಣು ಬಿಡುವ ಮೊದಲೇ ಈ ಕೆಲಸ ಆಗಬೇಕು. ಹಣ್ಣಿರುವ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಬೀಜವನ್ನು ನಾವೇ ತೋಟಕ್ಕೆ ಹೊತ್ತ ಹಾಗೆ. ಮುಂದಿನ ವರ್ಷ ಅದೇ ಜಾಗವನ್ನು ಮತ್ತೊಮ್ಮೆ ನೋಡಿ, ಬೀಜದಿಂದ ಎದ್ದ ಸಸಿ ಇದ್ದೇ ಇರುತ್ತದೆ. ಖಾಲಿಯಾದ ಜಾಗದಲ್ಲಿ ಬಿಸಿಲಿದ್ದರೆ ನೆಕ್ಕರೆ ಎಬ್ಬಿಸಬಹುದು. ಒಡೆದ ಹಣ್ಣಿನ ತಿರುಳನ್ನು ನೀರಲ್ಲಿ ಕಿವುಚಿ, ತಳದಲ್ಲಿ ಕೂತ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಚೆಲ್ಲಿ. ಮೇಲೆ ಮಣ್ಣು ಮುಚ್ಚಬೇಡಿ. ಅಷ್ಟು ಸಣ್ಣ ಬೀಜ ಅದು.

ಸಂಶಯ ಬಂದರೆ? ಮೊಬೈಲಿನಲ್ಲಿ ಒಂದೇ ಚಿತ್ರ ತೆಗೆದು ಕಳಿಸಿ 'ಹೆಸರು ಹೇಳಿ' ಎಂದರೆ ಯಾರೂ ಸರಿ ಹೇಳಲಾರರು. ಎಲೆಯ ಎರಡು ಮಗ್ಗುಲು, ದಂಟಿನ ರೋಮ, ಹೂ, ಇಡೀ ಹಣ್ಣು, ಕೊಯ್ದ ಹಣ್ಣು, ಗಿಡ ನಿಂತ ಜಾಗ – ಇಷ್ಟೂ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಮೊಬೈಲು ತಾನೇ ಹೇಳುವ ಹೆಸರನ್ನು ಸುಳಿವು ಎಂದು ಇಟ್ಟುಕೊಳ್ಳಿ, ತೀರ್ಪು ಎಂದಲ್ಲ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಮೇಷ್ಟ್ರಿಗೆ ಹೂವಿರುವ ಗೆಲ್ಲು ಒಯ್ದು ತೋರಿಸುವುದು ಈಗಲೂ ಒಳ್ಳೆಯ ದಾರಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಕಲಿಸಿದ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ 'ಫ್ಲೋರಾ ಆಫ್ ಉಡುಪಿ' ಎಂಬ ದೊಡ್ಡ ಗ್ರಂಥವನ್ನೇ ತಂದಿದ್ದಾರೆ. ಅದು ಇಂಗ್ಲಿಷಿನದ್ದು, ತಿಳಿದವರಿಗೆ. ಊರಿನ ಹೆಸರುಗಳ ಗ್ರಂಥ ಇರುವುದು ನಮ್ಮ ಅಜ್ಜಿಯಂದಿರ, ಸೊಪ್ಪು ಹೊತ್ತ ಹೆಂಗಸರ, ದನ ಕಾದವರ ತಲೆಯಲ್ಲಿ. ಅದಕ್ಕೆ ಎರಡನೇ ಮುದ್ರಣ ಇಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಈ ಮಳೆಗಾಲದ ಮೊದಲು ನಿಮ್ಮ ಬೇಲಿ, ಬರೆ, ಅಗಳಿನ ದಂಡೆಯಲ್ಲಿರುವ ಹಣ್ಣಿನ ಗಿಡಗಳ ಪಟ್ಟಿ ಮಾಡಿ. ಊರಿನ ಹೆಸರು, ಹೂ ಬಿಡುವ ತಿಂಗಳು, ಹಣ್ಣಾಗುವ ತಿಂಗಳು, ತಿನ್ನಲು ಬರುವ ಹಕ್ಕಿ – ನಾಲ್ಕು ಕಾಲಂ ಸಾಕು. ಮಕ್ಕಳ ಹಳೆ ನೋಟುಪುಸ್ತಕದ ಒಂದು ಪುಟ ಹಿಡಿಯುತ್ತದೆ. ಹೆಸರು ತಿಳಿಯದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ, ತಿಳಿದವರನ್ನು ಮನೆಗೆ ಕರೆಯಿರಿ. ಆ ಪ್ರಶ್ನೆ ಚಿಹ್ನೆ ಅಳಿಯುವವರೆಗೆ ಆ ಗಿಡಕ್ಕೆ ಯಂತ್ರ ತಾಗಿಸಬೇಡಿ. ಅದರ ಬೀಜ ಬೇರೆಯವರಿಗೆ ಕೊಡಲೂ ಬೇಡಿ.